ಹರಿಗೋಲು ಹತ್ತಿದ ಹುಂಜ

ಹಕ್ಕಿ ನೋಡಲೆಂದು ಬಂದವನು ಕೃಷ್ಣರಾಜನಗರದ ಹತ್ತಿರ, ಕಾವೇರಿಯ ನಡುಗಡ್ಡೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದೆಲ್ಲ ಮಾರಮ್ಮನಿಗೆ ಹರಕೆ ಬಿಟ್ಟ ಕೋಳಿಗಳು. ಅವನ್ನು ಜನ ಮುಟ್ಟುವಂತಿಲ್ಲ. ನರಿ, ನಾಯಿಗಳಿಗೆ ಹೊಳೆ ಅಡ್ಡ. ಒಂದು ಹೇಂಟೆಯಂತೂ ನನ್ನ ಬೂಟಿನ ಮೇಲೆಯೇ ನಿದ್ದೆ ಹೋಯಿತು.

ಜೀವಶಾಸ್ತ್ರದ ಮೇಷ್ಟರಾದ ನಾನು ಸುಮ್ಮನಿರಲಾರದೆ ಅಂಬಿಗ ಚಿಕ್ಕಣ್ಣನಿಗೆ ಪಾಠ ಶುರು ಮಾಡಿದೆ. "ದೂರದ ಸಮುದ್ರದ ದ್ವೀಪಗಳಲ್ಲೂ ಹೀಗೇ ಕಣಯ್ಯ. ಶತ್ರುಗಳೇ ಇಲ್ಲದೆ ಎಷ್ಟೋ ತಲೆಮಾರು ಕಳೆದು, ಹಕ್ಕಿಗಳು ಹೆದರುವುದನ್ನೂ ಹಾರುವುದನ್ನೂ ಮರೆತವು. ಆಮೇಲೆ ಹಡಗಿನವರು ಬಂದು, ಬರಿಗೈಯಲ್ಲಿ ಹಿಡಿದು ತಿಂದುಹಾಕಿದರು, ಪಾಪಿಗಳು!"

"ಅಯ್ಯೋ, ಅವ್ಕೆ ದ್ಯಾವ್ರು ಇರ್ನಿಲ್ವಾ ಮೇಷ್ಟ್ರೇ?" ಎಂದ ಚಿಕ್ಕಣ್ಣ.

ಅಷ್ಟರಲ್ಲಿ ದೊಡ್ಡ ಹುಂಜವೊಂದು ಬಂದು ನಮ್ಮ ಹರಿಗೋಲಿನೊಳಗೆ ಕೂತುಬಿಟ್ಟಿತು. ನನಗೆ ರೈಲಿಗೆ ಹೊತ್ತಾಗಿತ್ತು. ಕೊಡೆ ಎತ್ತಿದೆ. ಚಿಕ್ಕಣ್ಣ ನನ್ನ ಕೈ ಹಿಡಿದುಕೊಂಡ.

"ಓಡಿಸ್ಬ್ಯಾಡಿ, ಅದು ಅಮ್ಮನ್ದು ಕಣ್ರೀ. ದಡಕ್ಕೆ ಕರ್ಕೊಂಡೋದ್ರೆ ಯಾರಾದ್ರೂ ಸಾರು ಮಾಡ್ಬುಡ್ತಾರೆ. ಅದಾಗೇ ಇಳೀಲಿ ಬುಡಿ."

"ಯಾವಾಗ ಇಳಿಯುತ್ತೆ?"

"ಮೊನ್ನೆ ಒತ್ತು ಮುಳುಗೋ ಗಂಟ ಕೂತಿತ್ತು."

ಆಚೆ ದಡದ ಮರಗಳ ಹಿಂದೆ ರೈಲಿನ ಹೊಗೆ ಕಾಣಿಸಿತು, ಕೂಗೂ ಕೇಳಿಸಿತು. ಹುಂಜ ಒಂದು ಕಾಲು ಮಡಚಿ ಕಣ್ಣು ಮುಚ್ಚಿತು.

ಆ ಹಡಗಿನವರ ಮೇಲಿದ್ದ ನನ್ನ ಸಿಟ್ಟು ಸ್ವಲ್ಪ ತಣ್ಣಗಾಯಿತು.