ಹೆಸರು ಕೇಳದೆ ತೆಗೆದ ರಕ್ತ

ಇದು ನಡೆದದ್ದೇ. ಕಟ್ಟಿ ಹೇಳುವುದಾಗಿದ್ದರೆ ನನ್ನ ತಪ್ಪನ್ನಾದರೂ ಮುಚ್ಚಿಡುತ್ತಿದ್ದೆ. ದಿನದ ವಿಷಯ ದಿನವೇ ಬರೆದಿಡುವವಳು ನಾನು. ಆ ಒಂದು ದಿನದ ಪುಟ ಮಾತ್ರ ಇನ್ನೂ ಖಾಲಿಯಿದೆ.

ನಾನು ಗಜೇಂದ್ರಗಡದವಳು. ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ರೋಗಿಗೆ ಒಡಹುಟ್ಟಿದವರ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಕಣ, ಕೊಟ್ಟ ಮೇಲೆ ರೋಗಿಯ ಮೈಯಲ್ಲಿ ಹರಿಯುವುದು ಕೊಟ್ಟವರ ರಕ್ತವೇ. ರೋಗಿಯ ಹಳೆಯ ರಕ್ತ ಮತ್ತೆ ಕಾಣಿಸಿಕೊಂಡರೆ ರೋಗ ಮರಳುತ್ತಿರಬಹುದು. ಅದನ್ನು ಆಗಾಗ ಪರೀಕ್ಷಿಸುವುದು ನನ್ನ ಕೆಲಸ.

ಶಿರೋಳದ ನೀಲವ್ವನಿಗೆ ಹಾಗೆ ಕೊಟ್ಟವನು ಅವಳ ಅಣ್ಣ ಈರಣ್ಣ. ಕೊಡುವ ದಿನ ಅವನ ಚಿಂತೆಯೇ ಬೇರೆ. "ಎಷ್ಟ ಹೊತ್ತ ಹಿಡಿತೈತ್ರಿ ಬಾಯಾರ? ಎತ್ತಿಗೆ ನೀರ ಕುಡಸೂದೈತಿ." ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ನಕ್ಕುಬಿಟ್ಟೆ. ಹೊರಗೆ ಅಳುತ್ತ ಕೂತಿದ್ದ ತಾಯಿ ಗಂಗವ್ವನಿಗೆ, "ಚಿಂತಿ ಮಾಡಬ್ಯಾಡ್ರಿ, ನಿಮ್ಮ ಮಗಾ ಇನ್ನ ಈಕಿ ಮೈಯಾಗ ಇರ್ತಾನ" ಎಂದೆ. ಸಮಾಧಾನಕ್ಕೆ ಎಲ್ಲರಿಗೂ ಹೇಳುವ ಮಾತು.

ಹೋದ ವರ್ಷ ಟ್ರ್ಯಾಕ್ಟರ್ ಮಗುಚಿ ಈರಣ್ಣ ತೀರಿಕೊಂಡ. ಅಂದಿನಿಂದ ನೀಲವ್ವ ತಪಾಸಣೆಗೆ ಬರಲೇ ಇಲ್ಲ. ಫೋನ್ ಮಾಡಿ ಮಾಡಿ ಸಾಕಾಗಿ, ಈ ಬೇಸಿಗೆಯಲ್ಲಿ ನಾನೇ ರಕ್ತ ತರುವ ಐಸ್ ಡಬ್ಬಿ ಹಿಡಿದು ನರಗುಂದದಲ್ಲಿ ಶಿರೋಳದ ಬಸ್ಸು ಹತ್ತಿದೆ.

"ಒಂದ ಹನಿ ಕೊಡಂಗಿಲ್ರಿ," ಎಂದಳು ಗಂಗವ್ವ. "ನನ್ನ ಮಗಾ ಉಳದದ್ದ ಅಷ್ಟ. ಈಕಿ ಮೈಯಾಗ ಅದಾನಂತ ನೀವ ಹೇಳೀರಿ."

"ಅದ ಹಂಗಲ್ರೀ ಗಂಗವ್ವ..."

"ಆವಾಗ ಹಂಗ, ಈಗ ಹಂಗಲ್ಲ? ಇಷ್ಟ ಓದಿ ಮಾತ ಬದಲಸ್ತೀರಲ್ರಿ! ರೊಟ್ಟಿ ತಿನ್ರಿ, ಸುಮ್ನ ಮಲಗ್ರಿ."

ತೆಗೆದ ರಕ್ತ ಮತ್ತೆ ಹುಟ್ಟುತ್ತದೆ ಎಂದೆ. ರೋಗ ತಿರುಗಿದರೆ ಮಗಳೂ ಉಳಿಯುವುದಿಲ್ಲ ಎಂದೆ. ಕೈಮುಗಿದೆ. ನೀಲವ್ವ ತಲೆ ಬಗ್ಗಿಸಿ ಜೋಳ ಹಸನು ಮಾಡುತ್ತಲೇ ಇದ್ದಳು. ಕಡೆಯ ಬಸ್ಸೂ ಹೋಯಿತು. ಅಂದು ಆಡಿದ ಆ ಒಂದು ಮಾತಿಗೆ ನನ್ನ ಮೇಲೆ ನನಗೇ ಸಿಟ್ಟು.

ಸೆಕೆಗೆ ತಾಯಿ, ಮಗಳು ಮಾಳಿಗೆ ಮೇಲೆ ಮಲಗಿದರು. ನಾನು ಕೆಳಗೆ ಪಡಸಾಲೆಯಲ್ಲಿ.

ಎಷ್ಟು ಹೊತ್ತಾಗಿತ್ತೋ... ಕರೆಂಟ್ ಇರಲಿಲ್ಲ. ಕೊಟ್ಟಿಗೆಯ ಕಡೆ ಗೆಜ್ಜೆಸರ ಅಲುಗಿದ ಸದ್ದು. ಮೇವಿನ, ಎತ್ತಿನ ಮೈಯ ವಾಸನೆ. ಹಾಸಿಗೆಯ ಪಕ್ಕ ಯಾರೋ ಕೂತಿದ್ದರು.

"ತಗೋರಿ..." ಪಿಸುಮಾತು. "ಲಗೂ ತಗೋರಿ."

ನೀಲವ್ವ ತಾಯಿಯ ಕಣ್ಣು ತಪ್ಪಿಸಿ ಇಳಿದು ಬಂದಳೆಂದುಕೊಂಡೆ. ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಚಾಚಿದ ತೋಳಿಗೆ ಬೆಳಕು ಬಿಟ್ಟೆ. ಅಂಗೈ ಒರಟಾಗಿತ್ತು... ಹೊಲದ ಕೆಲಸದವಳಲ್ಲವೇ. ಸೂಜಿಗೆ ಮೊದಲು ಹೆಸರು ಕೇಳಬೇಕೆಂಬುದು ನಮ್ಮ ನಿಯಮ. ಇಷ್ಟು ವರ್ಷಗಳಲ್ಲಿ ಕೇಳದೆ ಚುಚ್ಚಿದ್ದು ಅದೊಂದೇ ಸಲ.

ಟ್ಯೂಬು ತುಂಬಿತು. ಸೂಜಿ ಹೊರತೆಗೆದೆ.

"ಎಷ್ಟ ಹೊತ್ತ ಹಿಡಿತೈತ್ರಿ ಬಾಯಾರ? ಎತ್ತಿಗೆ ನೀರ ಕುಡಸೂದೈತಿ."

ಬಾಯಿಂದ ಟಾರ್ಚ್ ಬಿತ್ತು. ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ಎದುರಿಗೆ ಯಾರೂ ಇರಲಿಲ್ಲ. ಟ್ಯೂಬು ಮಾತ್ರ ನನ್ನ ಮುಷ್ಟಿಯಲ್ಲಿ ಬೆಚ್ಚಗಿತ್ತು.

ಬೆಳಿಗ್ಗೆ ನೀಲವ್ವನ ಎರಡೂ ತೋಳು ಹಿಡಿದು ನೋಡಿದೆ. ಸೂಜಿಯ ಗುರುತಿಲ್ಲ.

"ನಾ ಕೆಳಗ ಇಳದ ಇಲ್ರಿ," ಎಂದಳು.

ಕೊಟ್ಟಿಗೆ ಖಾಲಿ. ಈರಣ್ಣ ಸತ್ತ ತಿಂಗಳಲ್ಲೇ ಎತ್ತು ಮಾರಿದ್ದರಂತೆ. ರಾತ್ರಿ ಕೇಳಿದ ಮಾತನ್ನು ಹೇಳಿದೆ. ಗಂಗವ್ವ ಟ್ಯೂಬನ್ನು ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ತಿರುಗಿ ಕೊಟ್ಟಳು.

ಪರೀಕ್ಷೆಯ ಫಲ ಬಂತು. ಪೂರ್ತಿ ಈರಣ್ಣನ ರಕ್ತ. ನೀಲವ್ವನದು ಎಳ್ಳಷ್ಟೂ ಇಲ್ಲ. ಹುಡುಗಿ ಗಟ್ಟಿಯಾಗಿದ್ದಾಳೆ ಎಂದು ಲ್ಯಾಬಿನವರು ಖುಷಿಪಟ್ಟರು. ಇರಬಹುದು. ಆದರೆ ಆ ರಕ್ತ ಅವಳ ತೋಳಿನದೇ ಅಲ್ಲದಿದ್ದರೆ... ಈರಣ್ಣನಿಂದಲೇ ತೆಗೆದಿದ್ದರೂ ಫಲ ಹೀಗೇ ಬರುತ್ತಿತ್ತು. ಅವಳ ರೋಗದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ರಕ್ತವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಬರೆದುಕೊಟ್ಟೆ. ಕಾರಣ ಎಂಬಲ್ಲಿ ಏನು ಬರೆಯಲಿ? ಇಪ್ಪತ್ತೆರಡು ವರ್ಷದ ವಿದ್ಯೆ ಆ ಒಂದು ಸಾಲಿಗೆ ಸಾಲಲಿಲ್ಲ.

ಮೊನ್ನೆ ನೀಲವ್ವನ ಫೋನ್ ಬಂತು. "ಸಂಜಿ ಆದ್ರ ಸಣ್ಣಗ ಜ್ವರಾ ಬರಾಕತ್ತಾವ್ರಿ ಬಾಯಾರ..."

ಗಂಗವ್ವ ಫೋನ್ ಕಸಿದುಕೊಂಡಳು. "ಮತ್ತ ಬರಬ್ಯಾಡ್ರಿ. ಅಂವ ಒಮ್ಮಿ ಕೊಟ್ಟಾನಲ್ಲ, ಸಾಕಾಗ್ಲಿಲ್ಲೇನ?"

ನಾಳೆ ಮತ್ತೆ ಹೊರಟಿದ್ದೇನೆ. ಈ ಸಲ ಹಗಲಲ್ಲೇ, ಹೆಸರು ಕೇಳಿಯೇ ಸೂಜಿ ಹಿಡಿಯುತ್ತೇನೆ. ನೀಲವ್ವ ತೋಳು ಚಾಚಿ ಯಾವ ಹೆಸರು ಹೇಳುತ್ತಾಳೋ... ಅದೊಂದೇ ಅಳುಕು.