ಹಾಲು ಕುಡಿದ ಚಿರತೆ, ಹಾಲು ಬಿಡದ ಎಮ್ಮೆ

ಶಿವಕಾಂತಮ್ಮನ ಮುತ್ತ್ಯಾ ಗುರುಲಿಂಗಪ್ಪ ಕಮಲಾಪುರದ ಕೆಂಪು ನೆಲದಲ್ಲಿ ಮೂರು ಬೇಸಿಗೆ ಬಾವಿ ತೋಡಿದವನು. ನೀರು ಬಿದ್ದ ದಿನ ಊರಿಗೆಲ್ಲ ಹುಗ್ಗಿ ಉಣಿಸಿದ. ಅವನ ಮಗ ಅಣವೀರಪ್ಪ ಆ ನೀರಿನ ಮೇಲೆ ಬಾಳೆ ಹಚ್ಚಿ, ಗೊನೆಗಳನ್ನು ಬಂಡಿಯಲ್ಲಿ ಕಲಬುರಗಿ ಪೇಟೆಗೆ ತರುತ್ತಿದ್ದ. ದಾರಿಯಲ್ಲಿ ಯಾರಾದರೂ ಬಂಡಿ ಹತ್ತುತ್ತೇನೆಂದರೆ ಮೊದಲು ಅವರ ಕಾಲು ನೋಡುತ್ತಿದ್ದ, ಎಲ್ಲಿಂದಲಾದರೂ ಕದ್ದು ಓಡಿ ಬಂದ ಧೂಳು ಇದೆಯೋ ಹೇಗೆ ಅಂತ. ಮಗಳು ಶಿವಕಾಂತಮ್ಮನಿಗೆ ಇಳಿದದ್ದು ಆ ಕಣ್ಣು.

ಆಕೆಯನ್ನು ಶಹಾಬಜಾರದ ಬೇಳೆ ವ್ಯಾಪಾರಿ ದೇವಿಂದ್ರಪ್ಪನಿಗೆ ಕೊಟ್ಟರು. ತವರಿನಿಂದ ಒಂದು ಎಮ್ಮೆ ಜೊತೆಗೆ ಬಂತು. ಅದರ ಸಂತಾನದ ಹಾಲು, ಮೊಸರು ಆಕೆಯದು. ಅದಕ್ಕೆ ಗಂಡನೂ ಕೈ ಹಚ್ಚುತ್ತಿರಲಿಲ್ಲ.

ಪ್ಲೇಗು ಬಂದು ಹೋದ ಎರಡನೆಯ ವರ್ಷ ಜಾಗೀರದಾರರೊಬ್ಬರು ಶಿಕಾರಿಗೆ ಹೋಗಿ ತಾಯಿಚಿರತೆಯನ್ನು ಹೊಡೆದರು. ಕಣ್ಣು ಆಗಷ್ಟೇ ಬಿಟ್ಟಿದ್ದ ಮರಿಯನ್ನು ದೇವಿಂದ್ರಪ್ಪನಿಗೆ ಇನಾಮು ಕೊಟ್ಟರು. ಅವನು ಅದನ್ನು ಧೋತರದಲ್ಲಿ ಸುತ್ತಿಕೊಂಡು ಬಂದ.

"ನಮ್ಮದು ಲಿಂಗವಂತರ ಮನಿ. ಹಾಲು, ಜ್ವಾಳದ ಅಂಬಲಿ ಬಿಟ್ಟು ಬ್ಯಾರೆ ಏನೂ ಹಾಕೂದಿಲ್ಲ. ನೆತ್ತರದ ರುಚಿನೇ ಗೊತ್ತಿಲ್ಲಂದ್ರ ಏನು ಮಾಡ್ತದ?" ಅಂದ. ಹಣೆಗೆ ವಿಭೂತಿ ಬಳಿದು 'ಸಾಧು' ಅಂತ ಹೆಸರಿಟ್ಟ.

"ಅದಕ್ಕ ಗೊತ್ತಿಲ್ಲೇನೋ. ಅದರ ಹಲ್ಲಿಗಿ ಗೊತ್ತದ" ಅಂದಳು ಶಿವಕಾಂತಮ್ಮ.

ಅಂದಿನಿಂದ ಆಕೆ ಮರಿಗೆ ಬೆನ್ನು ಕೊಟ್ಟು ಕೂತದ್ದಿಲ್ಲ. ಓಣಿಯವರು ನಕ್ಕರು. ಎಮ್ಮೆಯ ಕರ ತನ್ನ ಕಡೆ ಮುಖ ಮಾಡಿದಾಗ ಸಾಧು ಕಣ್ಣು ಮುಚ್ಚಿ ಮಲಗುತ್ತದೆ, ಕರ ಬೆನ್ನು ತಿರುಗಿಸಿದಾಗ ಕಣ್ಣು ತೆರೆಯುತ್ತದೆ. ಇದನ್ನು ನೋಡಿದವಳು ಆಕೆಯೊಬ್ಬಳೇ.

ಆರು ತಿಂಗಳಾಗುವಷ್ಟರಲ್ಲಿ ಎಮ್ಮೆ ಹಾಲು ಬಿಡುವುದನ್ನು ನಿಲ್ಲಿಸಿತು. ಕೆಚ್ಚಲು ತುಂಬಿದ್ದರೂ ಮೈ ನಡುಗಿಸಿ ಒದೆಯುತ್ತಿತ್ತು. ಗಂಡ ಯಾರದೋ ದೃಷ್ಟಿ ಅಂದ. ಆಕೆ ಎಮ್ಮೆ, ಕರ ಎರಡನ್ನೂ ನಾಲ್ಕು ಮನೆ ಆಚೆಯ ಕಸ್ತೂರಿಬಾಯಿಯ ಕೊಟ್ಟಿಗೆಯಲ್ಲಿ ಕಟ್ಟಿದಳು. ಮೂರನೆಯ ದಿನ ತಂಬಿಗೆ ತುಂಬಿತು. ಮನೆಗೆ ತಂದಳು, ಮತ್ತೆ ಬತ್ತಿತು.

"ಚಿರ್ತಿ ವಾಸನಿಗಿ ಅಂಜ್ಯಾದ್ರಿ ಅದು. ಸಾಧುನ ಹಿಂಗಾಲು ನೋಡ್ರಿ, ಬಿಲ್ಲಿನಂಗ ಬಾಗ್ಯಾವ. ನೀವು ಸಾಕಾಕತ್ತಿಲ್ಲ, ಉಪವಾಸ ಕೆಡವಾಕತ್ತೀರಿ" ಅಂದಳು ಗಂಡನಿಗೆ.

"ನಿನ್ನ ಕಣ್ಣಿಗಿ ಎಲ್ಲಾರೂ ಕಳ್ಳರೇ. ನಾ ಕನ್ಯಾ ನೋಡಾಕ ಬಂದಾಗೂ ನನ್ನ ಕಾಲು ನೋಡಿದ್ದೀ."

"ನೋಡಿನೇ ಒಪ್ಪಿನ್ರಿ."

ಸೋಮವಾರಕ್ಕೊಮ್ಮೆ ದೇವಿಂದ್ರಪ್ಪ ಸಾಧುವಿನ ಮೈ ತೊಳೆದು, ಹೊಸ ವಿಭೂತಿ ಹಚ್ಚಿ, ಬಂದವರಿಗೆ ತೋರಿಸಲು ಸರಪಳಿ ಬಿಚ್ಚುತ್ತಿದ್ದ. ಶ್ರಾವಣದ ಒಂದು ಸೋಮವಾರ ಕರ ದಾವಣಿ ಹರಿದುಕೊಂಡು ಅಂಗಳಕ್ಕೆ ನುಗ್ಗಿತು. ಸೊಟ್ಟಗಾಲಿನ ಸಾಧು ಅಷ್ಟು ದೂರ ಹಾರುತ್ತದೆಂದು ಯಾರೂ ಎಣಿಸಿರಲಿಲ್ಲ. ಎಣಿಸಿದ್ದವಳು ನಡುವೆ ಬಂದು ಬಿದ್ದಳು. ಕರದ ಕುತ್ತಿಗೆಗೆ ಬೀಳಬೇಕಾದ ಹಲ್ಲು ಆಕೆಯ ಎಡಗೈಗೆ ಬಿತ್ತು.

ಸಾಧುವನ್ನು ಜಾಗೀರದಾರರ ಆಳುಗಳು ಪಂಜರದಲ್ಲಿ ಒಯ್ದರು. ಮಾಂಸ ಕಾಣದೆ ಟೊಳ್ಳಾಗಿದ್ದ ಎಲುಬು ಮುರಿದು ಮಳೆಗಾಲ ಮುಗಿಯುವುದರೊಳಗೆ ಸತ್ತಿತಂತೆ. ಅದು ತನ್ನ ಹುಟ್ಟಿನಂತೆ ನಡೆಯಿತು. ಅದನ್ನು ಸಾಧು ಎಂದು ಕರೆದವರು ಮನುಷ್ಯರು. ದವಾಖಾನೆಯಲ್ಲಿ ಶಿವಕಾಂತಮ್ಮನ ಕೈ ಉಳಿಯಿತು, ಬೆರಳು ಮಾತ್ರ ಮಡಚಲು ಬರಲಿಲ್ಲ.

ಮನೆಗೆ ಬಂದ ಮಾರನೆಯ ಮುಂಜಾನೆ ಆಕೆ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದಾಗ ಗಂಡ ಹಿಂದೆಯೇ ಬಂದ. "ಕೂಡು. ಇನ್ನ ಮ್ಯಾಲ ನಾ ಹಿಂಡ್ತೀನಿ. ಇಲ್ಲಂದ್ರ ಆಳು ಇಡ್ತೀನಿ" ಅಂದ.

ಆಕೆ ತಿರುಗಿ ನೋಡಲಿಲ್ಲ. ತಂಬಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು.

"ಬ್ಯಾಡ್ರಿ. ಆಳೂ ಬ್ಯಾಡ, ನೀವೂ ಬ್ಯಾಡ. ಒಂದು ಕೈ ಅದ, ಹ್ವತ್ತಾದ್ರೂ ಹಿಂಡ್ತೀನಿ. ನೀವು ಆ ಬಾಗಿಲದಿಂದ ಸರೀರಿ, ಎಮ್ಮಿ ನಿಮ್ಮನ್ನೇ ನೋಡಾಕತ್ತದ, ಹಾಲು ಬಿಡೂದಿಲ್ಲ."