ಅಂಟು ಕಾಯಿಸಲು ಕಲಿತು ಬಂದವನು

ನನ್ನ ಸೋದರಮಾವ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಲೈಬ್ರರಿಯ ಬೈಂಡಿಂಗ್ ಕೋಣೆಯಲ್ಲಿ ಪುಸ್ತಕ ಹೊಲಿದ. ಹುಳು ತಿಂದದ್ದು, ನೀರು ಕುಡಿದದ್ದು, ಬೆನ್ನು ಕಿತ್ತುಹೋದದ್ದು, ಯಾವುದು ಬಂದರೂ ಮೊದಲು ಹಾಳೆಯನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ, ಆಮೇಲೆ ಸೂಜಿ ಎತ್ತಿಕೊಳ್ಳುತ್ತಿದ್ದ. ಅವನು ಹೊಲಿದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಅದೇ ಕೋಣೆಗೆ ಹಂಗಾಮಿಯಾಗಿ ಸೇರಿಸಿದವನೂ ಅವನೇ, ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನೂ ಅವನೇ. ಇಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ‘ನನಗೆ ಬರುತ್ತೆ’ ಅನ್ನುವ ಎರಡು ಪದ ಮಾತ್ರ ಬಾಯಿಗೆ ಬರಲಿಲ್ಲ. ಅವನ ಮೇಲೆ ನನಗಿರುವ ಸಿಟ್ಟೆಲ್ಲ ಅದಕ್ಕೇ.

ನಮ್ಮ ಹಳೆಯ ಸಾಹೇಬರು ನಿವೃತ್ತರಾಗುವ ಮೊದಲು ಒಂದು ಪುಣ್ಯದ ಕೆಲಸ ಮಾಡಿದರು. ಹಳೆಯ ಪುಸ್ತಕಗಳಿಗೆಂದೇ ರಿಪೇರಿ ವಿಭಾಗ ತೆರೆಯಬೇಕು, ಮಾವನನ್ನು ಒಂದು ವರ್ಷ ಪರದೇಶಕ್ಕೆ ವಿಸಿಟಿಂಗ್ ಸ್ಟೂಡೆಂಟ್ ಆಗಿ ಕಳಿಸಬೇಕು, ಬಂದ ಮೇಲೆ ವಿಭಾಗವನ್ನು ಅವನ ಕೈಗೇ ಕೊಡಬೇಕು ಎಂದು ಆರ್ಡರ್ ಮಾಡಿಸಿದರು. ಅಲ್ಲಿಯವರು ಒಳ್ಳೆಯ ವರದಿ ಕೊಟ್ಟರೆ ಮಾತ್ರ ಎಂದು ಕೊನೆಯಲ್ಲಿ ಒಂದು ಸಾಲೂ ಇತ್ತು. ಆ ಸಾಲನ್ನು ನಾವ್ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಾವನ ಕೈ ನೋಡಿದ ಮೇಲೆ ಕೆಟ್ಟ ವರದಿ ಬರೆಯಲು ಯಾರಿಗೆ ಮನಸ್ಸಾಗುತ್ತದೆ?

ಅರ್ಜಿ ತುಂಬಿದವಳು ನಾನು. ‘ಈಗಾಗಲೇ ತಿಳಿದಿರುವ ಕೆಲಸ’ ಎಂಬ ಜಾಗದಲ್ಲಿ ಇಪ್ಪತ್ತೆರಡು ವರ್ಷದ ಅನುಭವ, ಕೈಹೊಲಿಗೆ, ತೊಗಲಿನ ಕೆಲಸ, ಹಾಳೆಗೆ ತೇಪೆ ಎಂದು ಬರೆದೆ. ಮಾವ ಓದಿ ಕೆಂಪಾದ. ಕಲಿಯಲು ಹೋಗುವವನು ತನ್ನ ತುತ್ತೂರಿ ಊದಿಕೊಂಡು ಹೋಗುತ್ತಾನೆಯೇ, ಹೊಡೆದು ಹಾಕು ಎಂದ. ಅತ್ತೆ ಅಡುಗೆಮನೆಯಿಂದಲೇ, ಇರುವುದನ್ನು ಬರೆದರೆ ನಿಮ್ಮ ಗಂಟೇನು ಹೋಗುತ್ತೆ ಅಂದಳು. ಅವನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಹೊಸ ಫಾರಂನಲ್ಲಿ ‘ಕಲಿಯುವ ಆಸೆ ಇದೆ’ ಎಂದಷ್ಟೇ ಬರೆಸಿದ.

ನಲವತ್ತಾರನೇ ವಯಸ್ಸಿನ ವಿದ್ಯಾರ್ಥಿ ವಿಮಾನ ಹತ್ತಿದ. ಐದನೇ ಮಹಡಿಯ ರೂಮು, ಜೊತೆಗೆ ಮಗನ ವಯಸ್ಸಿನ ಮೂವರು. ಕಿಟಕಿ ನಾಲ್ಕು ಬೆರಳಿನಷ್ಟು ಮಾತ್ರ ತೆರೆಯುತ್ತದೆ, ಫ್ರಿಜ್ಜಿನಲ್ಲಿ ತನಗೆ ಕೆಳಗಿನ ತಟ್ಟೆ, ಬಟ್ಟೆ ಒಗೆಯುವ ಮಷೀನಿಗೆ ಬುಧವಾರ ತನ್ನ ಸರದಿ ಎಂದು ಭಾನುವಾರಗಳ ಫೋನಿನಲ್ಲಿ ಹೇಳುತ್ತಿದ್ದ. ಮೊದಲ ತಿಂಗಳು ಲಿಫ್ಟಿನ ಗುಂಡಿ ಒತ್ತಲು ಹೆದರಿ ಐದು ಮಹಡಿ ಹತ್ತಿ ಇಳಿದನಂತೆ. ಬೊಜ್ಜು ಕರಗಿತು ಎಂದು ನಕ್ಕ. ಅಲ್ಲಿನದು ಏನು ಹೇಳಿದರೂ ದೂರಿನ ದನಿ ಇರುತ್ತಿರಲಿಲ್ಲ. ಹೊಟ್ಟೆ ಉರಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ವಿಸಿಟಿಂಗ್ ಸ್ಟೂಡೆಂಟ್ ಕಾರ್ಡಿಗೆ ಹೊರಬಾಗಿಲು, ಕ್ಯಾಂಟೀನು, ಶೌಚಾಲಯ ತೆರೆಯುತ್ತಿದ್ದವು. ಕೆಲಸದ ಕೋಣೆ ತೆರೆಯುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ಯಾರಾದರೂ ಬರುವವರೆಗೆ ಬಾಗಿಲ ಪಕ್ಕ ನಿಂತಿರುತ್ತಿದ್ದ. ಕೈಕಟ್ಟಿ ನಿಂತವನನ್ನು ನೋಡಿದವರು ಏನು ತಿಳಿದುಕೊಂಡರೋ, ಪೆಟ್ಟಿಗೆ ಎತ್ತಿಡಲು ಕರೆದರು. ಎತ್ತಿಟ್ಟ. ಬ್ರಷ್ ತೊಳೆಯಲು ಹೇಳಿದರು. ತೊಳೆದ. ಒಂದು ದಿನ ಹಿಟ್ಟಿನ ಅಂಟು ಕಾಯಿಸಲು ಹೇಳಿದರು. ಗಂಟಿಲ್ಲದ ಅಂಟು ನೋಡಿ ಅವರಿಗೆ ಖುಷಿಯೋ ಖುಷಿ. ಅಲ್ಲಿಂದ ಮುಂದೆ ವರ್ಷವಿಡೀ ಅಂಟಿನ ಪಾತ್ರೆ ಅವನ ಕೊರಳಿಗೇ ಬಿತ್ತು.

ಕಲಿಸುವ ಮೇಡಂ ಕೆಟ್ಟವರಲ್ಲ ಎಂದು ಮಾವ ಇಂದಿಗೂ ಹೇಳುತ್ತಾನೆ. ಆಕೆ ಪ್ರತಿ ಪಾಠಕ್ಕೂ ಮೊದಲು, ಇದು ನಿಮಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಮಾವ ಪ್ರತಿ ಸಲವೂ, ನೀವು ಹೇಳಿಕೊಡಿ ಎನ್ನುತ್ತಿದ್ದ. ಗುರುವಿನ ಮುಂದೆ ಗೊತ್ತು ಎಂದರೆ ವಿದ್ಯೆಗೆ ಅವಮಾನ ಎಂದು ಅವನ ನಂಬಿಕೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಹೆಂಗಸು.

ವರದಿಗೆ ಮುಖ್ಯವಾದದ್ದು ಒಂದೇ: ವರ್ಷದ ಕೊನೆಗೆ ಒಂದು ಹಳೆಯ ಪುಸ್ತಕವನ್ನು ಒಬ್ಬರೇ ರಿಪೇರಿ ಮಾಡಿ ತೋರಿಸಬೇಕು. ಮೇಡಂ ದಪ್ಪನೆಯ ಕೈಬರಹದ ಪುಸ್ತಕವೊಂದನ್ನು ಮೊದಲು ಮಾವನ ಮುಂದೆಯೇ ಇಟ್ಟು, ಹೊಲಿಯುತ್ತೀರಾ ಎಂದು ಕೇಳಿದರು. ಅಂಥ ಪುಸ್ತಕ ಮಾವ ನಿದ್ದೆಗಣ್ಣಿನಲ್ಲೂ ಹೊಲಿದಾನು. ಕೈಮುಗಿದು, ನೀವು ತೋರಿಸಿಕೊಟ್ಟರೆ ಪ್ರಯತ್ನ ಮಾಡುತ್ತೇನೆ ಎಂದ. ಆಕೆ ತಲೆಯಾಡಿಸಿ ಪುಸ್ತಕವನ್ನು ಪಕ್ಕದ ಮೇಜಿಗೆ ಕೊಟ್ಟರು. ಅಲ್ಲಿದ್ದವನು ಸದಾ ಉಣ್ಣೆ ಟೋಪಿ ಹಾಕಿಕೊಂಡಿರುವ ಇನ್ನೊಬ್ಬ ಪರದೇಶಿ ವಿದ್ಯಾರ್ಥಿ. ಓ, ಚೆನ್ನಾಗಿ ಬರುತ್ತೆ ಎಂದುಬಿಟ್ಟ.

ಟೋಪಿಯವನು ಹೊಲಿದ ಪುಸ್ತಕ ಅರ್ಧವೂ ತೆರೆಯಲಿಲ್ಲ. ದಾರ ಬಿಗಿದು ಹಾಳೆಯ ಮಡಿಕೆ ಹರಿಯತೊಡಗಿತ್ತು. ಅವನು ಮೇಜಿನ ಮೇಲೆ ತಲೆಯಿಟ್ಟು ಕೂತದ್ದನ್ನು ನೋಡಲಾರದೆ ಮಾವ ನಾಲ್ಕು ದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಕ್ಯಾಂಟೀನಿಗೆ ಹೋದಾಗ, ಹೊಲಿಗೆ ಬಿಚ್ಚಿ ಮೊದಲಿನಿಂದ ಹೊಲಿದುಕೊಟ್ಟ. ಐದನೇ ದಿನ ಮೇಡಂ ಅದನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಈಗ ಅದು ಗಾಜಿನ ಪೆಟ್ಟಿಗೆಯಲ್ಲಿದೆಯಂತೆ, ಕೆಳಗೆ ಟೋಪಿಯವನ ಹೆಸರಂತೆ.

“ನೀನು ಹೊಲಿದದ್ದು ಅಂತ ಯಾಕೆ ಹೇಳಲಿಲ್ಲ ಮಾವ?” ಎಂದು ಫೋನಿನಲ್ಲಿ ಕೇಳಿದೆ.

“ಪುಸ್ತಕ ಉಳೀತಲ್ಲ ಪುಟ್ಟಿ, ಬಿಡು,” ಎಂದ.

ಆ ಹೊತ್ತಿಗೆ ಅವನು ಎದುರಿಗಿದ್ದಿದ್ದರೆ ಏನು ಅನ್ನುತ್ತಿದ್ದೆನೋ. ಫೋನು ಇಟ್ಟು ಅತ್ತುಬಿಟ್ಟೆ.

ಮಾವ ವಾಪಸು ಬಂದ. ಅವನಿಗಿಂತ ಮೊದಲು ವರದಿ ಬಂದಿತ್ತು. ಹಳೆಯ ಸಾಹೇಬರು ಹೋಗಿ, ಮಾವನ ಮುಖವನ್ನೇ ನೋಡದ ಹೊಸಬರು ಬಂದಿದ್ದರು. ಅವರು ಮಾವನನ್ನೂ ನನ್ನನ್ನೂ ಒಟ್ಟಿಗೆ ಕರೆಸಿ ವರದಿಯನ್ನು ಗಟ್ಟಿಯಾಗಿ ಓದಿದರು. ವಿನಯವಂತರು. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಈ ಕೆಲಸದ ಹಿಂದಿನ ಅನುಭವ ಇಲ್ಲ. ಒಬ್ಬರೇ ಪುಸ್ತಕ ರಿಪೇರಿ ಮಾಡಲು ಇನ್ನೂ ಸಿದ್ಧರಿಲ್ಲ. ಅಂಟು ಕಾಯಿಸುವುದನ್ನು ಬಹಳ ಚೆನ್ನಾಗಿ ಕಲಿತಿದ್ದಾರೆ.

ಸಾಹೇಬರು ಕಾಗದ ಕೆಳಗಿಟ್ಟು, ಇದು ನಿಜವೇ ಎಂದು ಕೇಳಿದರು. ಕೇಳಿದ್ದಕ್ಕೆ ಅವರಿಗೆ ಋಣಿಯಾಗಿರಬೇಕು. ಬಾಯಿ ಬಿಡು ಮಾವ, ಇದೊಂದು ಸಲ ಬಾಯಿ ಬಿಡು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಅವರು ತಿಳಿದವರು ಸಾರ್. ಯೋಚನೆ ಮಾಡಿಯೇ ಬರೆದಿರ್ತಾರೆ,” ಎಂದ ಮಾವ.

ಸಾಹೇಬರು ನನ್ನ ಕಡೆ ತಿರುಗಿದರು. “ನಿಮಗೆ ಬರುತ್ತೇನಮ್ಮಾ ಈ ಕೆಲಸ?”

“ಬರುತ್ತೆ ಸಾರ್. ಚೆನ್ನಾಗಿಯೇ ಬರುತ್ತೆ,” ಎಂದೆ.

ಇವನೇ ಕಲಿಸಿದ್ದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಏಳು ವರ್ಷದಿಂದ ಹಂಗಾಮಿಯಾಗಿದ್ದವಳು ನಾನು. ಆ ಮಾತನ್ನು ನುಂಗಿಕೊಂಡೆ. ಅಂಜಿಕೆಯಿಂದ ಎಂದು ಅಮ್ಮನ ಹತ್ತಿರ ಹೇಳಿದ್ದೇನೆ. ಆಸೆಯಿಂದ ನುಂಗಿಕೊಂಡೆ.

ಸೋಮವಾರ, ಹೊಸ ವಿಭಾಗದ ಮುಖ್ಯಸ್ಥರಿಗೆಂದು ಹಾಕಿಸಿದ್ದ ಕಿಟಕಿ ಪಕ್ಕದ ದೊಡ್ಡ ಮೇಜಿಗೆ ನಾನು ಕೂತೆ. ಮಾವ ರಟ್ಟು ಕಳಚಿದ ಹಳೆಯ ಪುಸ್ತಕವೊಂದನ್ನು ಹಿಡಿದು ಬಂದು ಎದುರಿಗೆ ನಿಂತ.

“ಮೇಡಂ, ಇದನ್ನ ಎಷ್ಟೆಳೆ ದಾರದಲ್ಲಿ ಹೊಲಿಯಬೇಕು, ಹೇಳಿಕೊಡಿ.”

ಅವನ ಮುಖದಲ್ಲಿ ಕುಹಕ ಹುಡುಕಿದೆ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ, ಒಂದು ಚೂರೂ ಇರಲಿಲ್ಲ. ಗಾಬರಿಯಲ್ಲಿ ಎರಡೆಳೆ ಎಂದುಬಿಟ್ಟೆ. ಹೇಳಿದ ಮೇಲೆ ಹಾಳೆ ನೋಡಿದೆ, ಈರುಳ್ಳಿ ಸಿಪ್ಪೆಯಷ್ಟು ತೆಳು. ಒಂದೆಳೆಗಿಂತ ಹೆಚ್ಚು ತಡೆಯದ ಹಾಳೆ. ಅದು ಅವನಿಗೆ ನನಗಿಂತ ಮೊದಲೇ ಗೊತ್ತಿರಬೇಕು. ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ.

ಅವನು ಆಗಲಿ ಮೇಡಂ ಎಂದು ತನ್ನ ಜಾಗಕ್ಕೆ ಹೋಗಿ, ಎರಡೆಳೆ ದಾರ ಪೋಣಿಸಿ, ಸಂಜೆಯೊಳಗೆ ಪೂರಾ ಪುಸ್ತಕ ಹೊಲಿದು ತಂದಿಟ್ಟ.